ಯಾರೂ ಬೀಳದ ಆಟ

ಪ್ರಪಂಚದಲ್ಲಿ ಯಾರೂ ಸಾಯದ, ಯಾರೂ ಬೀಳದ, ಯಾರಿಗೂ ಒಂದು ನೆಗಡಿ ಕೂಡ ಆಗದ ವಿಡಿಯೋ ಗೇಮ್ ಏನಾದರೂ ಇದ್ದರೆ, ಅದನ್ನು ಮಾಡಿದವರು ನಮ್ಮ ಚಿಕ್ಕಪ್ಪ! ನಂಬಿಕೆ ಬರದಿದ್ದರೆ ಬಿಡಿ, ನಾನು ಆಡಿದ್ದೇನೆ. ಆಡುತ್ತ ಆಡುತ್ತ ಹ್ಯೂಸ್ಟನ್ ಪಕ್ಕದ ಕೇಟಿ ಎಂಬ ಊರಲ್ಲಿರುವ ಅವರ ಮನೆ ಸೋಫಾದ ಮೇಲೆ ಸೊಗಸಾಗಿ ನಿದ್ದೆಯನ್ನೂ ಹೊಡೆದಿದ್ದೇನೆ.

ಚಿಕ್ಕಪ್ಪ ಹ್ಯೂಸ್ಟನ್‌ನ ಎಣ್ಣೆ ಕಂಪನಿಯೊಂದರಲ್ಲಿ ಸೇಫ್ಟಿ ಎಂಜಿನಿಯರ್ ಆಗಿ ರಿಟೈರ್ ಆದವರು. ಕಂಪನಿ ಬಿಟ್ಟರೂ ಸೇಫ್ಟಿ ಅವರನ್ನು ಬಿಡಲಿಲ್ಲ. ಅವರ ಮನೆಯಲ್ಲಿ ಕಂಬಿ ಹಿಡಿಯದೆ ಮೆಟ್ಟಿಲಿಳಿದರೆ ಮತ್ತೆ ಮೇಲೆ ಕಳಿಸಿ, ಕಂಬಿ ಹಿಡಿಸಿ ಇಳಿಸುತ್ತಿದ್ದರು. ಹುಟ್ಟುಹಬ್ಬದ ಕೇಕಿನ ಮೇಲೆ ಮೇಣದಬತ್ತಿ ಹಚ್ಚುವಾಗ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಹಿಡಿದು ಪಕ್ಕದಲ್ಲಿ ನಿಲ್ಲುವ ಚಿಕ್ಕಪ್ಪನನ್ನು ನೀವೆಲ್ಲಾದರೂ ಕಂಡಿದ್ದೀರಾ? ನಮ್ಮ ಮನೆಯ ಫೋಟೋಗಳಲ್ಲೆಲ್ಲ ಇದ್ದಾರೆ!

ಇಂಥವರ ಅಡುಗೆಮನೆಯಲ್ಲೇ ಒಂದು ಬೆಳಿಗ್ಗೆ ಚಿಕ್ಕಮ್ಮ ಕುಸಿದು ಬಿದ್ದರು. ಸ್ಟ್ರೋಕ್. ಜೀವ ಉಳಿಯಿತು, ಬಲಗೈ ಮಾತು ಕೇಳುವುದನ್ನು ನಿಲ್ಲಿಸಿತು. ಥೆರಪಿ ಮಾಡಿಸಲು ಬರುತ್ತಿದ್ದಾಕೆ ಒಂದು ರಬ್ಬರ್ ಚೆಂಡು ಕೊಟ್ಟು, ದಿನಾ ಕೈ ಆಡಿಸಿದರೆ ಸರಿಹೋಗುತ್ತದೆ, ಬಿಟ್ಟರೆ ಹೀಗೇ ಉಳಿಯುತ್ತದೆ ಎಂದು ಖಡಾಖಂಡಿತವಾಗಿ ಹೇಳಿಹೋದಳು. ಚಿಕ್ಕಮ್ಮ ಆ ಚೆಂಡನ್ನು ಹಿಸುಕುವುದಿರಲಿ, ಕಣ್ಣೆತ್ತಿಯೂ ನೋಡಲಿಲ್ಲ. "ನಾನೇನು ಕೂಸಾ?" ಎಂದು ಬಲಗೈಯನ್ನು ಶಾಲಿನೊಳಗೆ ಬಚ್ಚಿಟ್ಟುಕೊಂಡು ಕೂತುಬಿಟ್ಟರು. ಮನೆ ತುಂಬ ಬಂದವರಿಗೆಲ್ಲ ಕಾಫಿ ಕೊಟ್ಟ ಕೈ ಅದು.

ಆಗ ನಾನು ಆಸ್ಟಿನ್‌ನಲ್ಲಿದ್ದೆ. ಡಾಲಸ್‌ನಿಂದ ಅವರ ಮಗಳ ಫೋನ್ ಬಂತು.

"ಅಕ್ಕಾ, ಡ್ಯಾಡ್ ಕಮ್ಯುನಿಟಿ ಕಾಲೇಜ್ ಸೇರ್ಕೊಂಡಿದಾರೆ. ವಿಡಿಯೋ ಗೇಮ್ ಡಿಸೈನ್! ವಿತ್ ಎ ಬ್ಯಾಕ್‌ಪ್ಯಾಕ್! ನೀನು ಹೋಗಿ ಸ್ವಲ್ಪ ಮಾತಾಡ್ತೀಯಾ?"

ಶನಿವಾರವೇ ಡ್ರೈವ್ ಮಾಡಿದೆ. ದಾರಿಯುದ್ದಕ್ಕೂ ನೀಲಿ ಬ್ಲೂಬಾನೆಟ್ ಹೂ ಬಿಟ್ಟಿತ್ತು. ಈಗಲೂ ಆ ಹೂ ಕಂಡರೆ ನನಗೆ ಮೊದಲು ನೆನಪಾಗುವುದು ಚಿಕ್ಕಪ್ಪನ ಬ್ಯಾಕ್‌ಪ್ಯಾಕೇ!

"ಏನ್ ಚಿಕ್ಕಪ್ಪಾ ಇದು, ಈ ವಯಸ್ನಲ್ಲಿ?"

"ಚೆಂಡು ಅಂದ್ರೆ ನಿನ್ ಚಿಕ್ಕಮ್ಮಂಗೆ ಆಗಲ್ಲ. ಆದ್ರೆ ಚೌಕಾಬಾರ ಅಂದ್ರೆ? ಸೋತ್ರೆ ಗೆಲ್ಲೋವರ್ಗೂ ಯಾರ್ನೂ ಊಟಕ್ಕೆ ಏಳೋಕ್ ಬಿಡ್ತಿರ್ಲಿಲ್ಲ. ಒಂದು ಆಟ ಮಾಡ್ಕೊಟ್ರೆ ಕೈ ತಾನಾಗೇ ಆಡುತ್ತೆ."

"ಅಂಗಡೀಲಿ ಬೇಕಾದಷ್ಟು ಸಿಗುತ್ತಲ್ಲ?"

"ನೋಡ್ದೆ. ಬರೀ ಹೊಡಿ, ಬಡಿ. ಒಬ್ರಿಗೂ ಹೆಲ್ಮೆಟ್ ಇಲ್ಲ!"

ಚಕ್ಕುಲಿ ತಿಂದು ಬಂದೆ.

ಕಾಲೇಜಿನಲ್ಲಿ ಉಳಿದವರೆಲ್ಲ ಮೀಸೆ ಚಿಗುರುತ್ತಿರುವ ಹುಡುಗರು, ಮೂಗು ಚುಚ್ಚಿಸಿಕೊಂಡ ಹುಡುಗಿಯರು. ಪಾಠ ಮಾಡುವ ಮೇಡಂಗೆ ನೀಲಿ ಕೂದಲು. ಆಕೆ ಒಳಗೆ ಬಂದರೆ ಚಿಕ್ಕಪ್ಪ ಎದ್ದು ನಿಂತು "ಗುಡ್ ಮಾರ್ನಿಂಗ್ ಮೇಡಂ" ಎನ್ನುತ್ತಿದ್ದರು. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಇಡೀ ಕ್ಲಾಸೇ ಎದ್ದು ನಿಲ್ಲುತ್ತಿತ್ತಂತೆ. ಟೆಕ್ಸಸ್‌ನಲ್ಲಿ!

ಇನ್ನು ಅವರು ಮಾಡಿದ ಆಟ. ಸೀರೆ ಉಟ್ಟ ಒಬ್ಬ ಹೆಂಗಸು ಬೆಟ್ಟ ಹತ್ತಿ ರಾಕ್ಷಸನ ಗುಹೆಗೆ ಹೋಗಬೇಕು. ಎಡಗೈಯಿಂದ ನಡೆಸಬೇಕು, ಬಲಗೈಯಿಂದ ಗುಂಡಿ ಒತ್ತಿ ಹಾರಿಸಬೇಕು. ಸರಿಯೇ. ಆದರೆ ಪ್ರತಿ ಪ್ರಪಾತಕ್ಕೂ ಕಂಬಿ! ಪ್ರತಿ ಹಳ್ಳಕ್ಕೂ ಸೇತುವೆ, ಸೇತುವೆಯ ಕೆಳಗೆ ಬಲೆ! ಕ್ಲಾಸಿನವರೆಲ್ಲ ಆಡಿ ನೋಡುವಾಗ ಗುಹೆಯ ಬಾಗಿಲಲ್ಲಿ ಸಿಕ್ಕಿಬಿದ್ದರು. ಎಷ್ಟು ಒತ್ತಿದರೂ ಹೆಂಗಸು ಒಳಗೆ ಹೋಗಲೊಲ್ಲಳು. ಯಾಕೆಂದರೆ ಚಪ್ಪಲಿ ಬಿಟ್ಟಿರಲಿಲ್ಲ! ಪಕ್ಕದಲ್ಲಿ ಚಿಕ್ಕಪ್ಪ ಅಚ್ಚುಕಟ್ಟಾಗಿ ಚಪ್ಪಲಿ ಸ್ಟ್ಯಾಂಡ್ ಇಟ್ಟಿದ್ದರು. "ರಾಕ್ಷಸ ಆದ್ರೇನು, ಇನ್ನೊಬ್ರ ಮನೆ ತಾನೇ?" ಎಂದು ನನ್ನನ್ನೇ ಕೇಳಿದರು. ಒಳಗೆ ಹೋದರೆ ಯುದ್ಧವೂ ಇಲ್ಲ. ರಾಕ್ಷಸ "ಊಟ ಆಯ್ತಾ?" ಎಂದು ಕೇಳುತ್ತಾನೆ!

ಮೇಡಂ ಆಡಿ ನೋಡಿ, "ನಿಮ್ಮ ಆಟದಲ್ಲಿ ಸೋಲೋಕೇ ಆಗಲ್ಲವಲ್ಲ" ಎಂದಳಂತೆ. ಚಿಕ್ಕಪ್ಪ "ಥ್ಯಾಂಕ್ ಯೂ ಮೇಡಂ" ಎಂದರು. ಅದು ಹೊಗಳಿಕೆಯಲ್ಲ ಎಂದು ತಿಳಿಯಲು ಅವರು ಮನೆಗೇ ಬರಬೇಕಾಯಿತು. ಚಿಕ್ಕಮ್ಮ ಎಡಗೈಯಲ್ಲೇ ಸ್ವಲ್ಪ ಹೊತ್ತು ಆಡಿ ಕಂಟ್ರೋಲರ್ ಕೆಳಗಿಟ್ಟರು.

"ಏನ್ರೀ ಇದು? ಸುಮ್ನೆ ನಡ್ಕೊಂಡ್ ಹೋಗ್ತಾಳೆ. ಇದಕ್ಕಿಂತ ನಾನೇ ವಾಕಿಂಗ್ ಹೋಗಲ್ವಾ?"

ಬಲಗೈ ಶಾಲಿನಿಂದ ಹೊರಗೇ ಬರಲಿಲ್ಲ. ಚಿಕ್ಕಪ್ಪನ ಮುಖ ಸಪ್ಪಗಾಯಿತು.

ಮುಂದಿನ ವಾರ ಅವರೇ ಫೋನ್ ಮಾಡಿದರು. "ಮೇಡಂ ಹೇಳ್ತಾರೆ, ಕಂಬಿ ತೆಗೀಬೇಕಂತೆ ಕಣೇ."

"ತೆಗೀರಿ ಚಿಕ್ಕಪ್ಪ."

"ಬೀಳ್ತಾಳೆ."

"ಬೀಳೋದು ಆಟದಲ್ಲಿ ತಾನೇ?"

ಚಿಕ್ಕಪ್ಪ ಸಣ್ಣ ದನಿಯಲ್ಲಿ, "ಒಂದ್ಸಲ ಬಿದ್ದಿದ್ದು ಸಾಲ್ದಾ?" ಎಂದರು. ಇಷ್ಟು ದಿನ ನಕ್ಕಿದ್ದೆನಲ್ಲ, ಅವತ್ತು ನಗು ಬರಲಿಲ್ಲ.

ಕೊನೆಗೂ ಕಂಬಿ ತೆಗೆದರು. ಆ ಹೊಸ ಆಟವನ್ನು ಚಿಕ್ಕಮ್ಮ ಮೊದಲ ಸಲ ಆಡಿದಾಗ ನಾನು ಅಲ್ಲೇ ಇದ್ದೆ. ಎಡಗೈಯೊಂದರಿಂದಲೇ ನಡೆಸಿ, ಹಾರಿಸಿ ನೋಡಿದರು. ಸೀರೆಯ ಹೆಂಗಸು ಮೊದಲ ಪ್ರಪಾತಕ್ಕೇ ಬಿದ್ದಳು. "ಅಯ್ಯೋ!" ಎಂದು ಚಿಕ್ಕಪ್ಪ ಸೋಫಾದಿಂದ ಎದ್ದೇಬಿಟ್ಟರು.

"ಕೂತ್ಕೊಳ್ರೀ!" ಎಂದರು ಚಿಕ್ಕಮ್ಮ.

ಮತ್ತೆ ಬಿದ್ದಳು. ಚಿಕ್ಕಮ್ಮನ ಹುಬ್ಬು ಗಂಟಾಯಿತು. ಚೌಕಾಬಾರದ ಹಳೆಯ ಹುಬ್ಬು! ಶಾಲು ಸರಿಸಿದರು. ಎಡಗೈಯಿಂದ ಬಲಗೈಯನ್ನು ಎತ್ತಿ ತಂದು ಗುಂಡಿಯ ಮೇಲೆ ಇಟ್ಟರು. ಹೆಬ್ಬೆರಳು ನಡುಗಿತು, ಒತ್ತಿತು. ಬಿದ್ದಳು. "ಹಾಳಾದೋಳು!" ಮತ್ತೆ ಬಿದ್ದಳು. ಚಿಕ್ಕಪ್ಪ ಮೆಲ್ಲಗೆ, "ಸಾಕು, ಊಟಕ್ಕೆ ಏಳೇ" ಎಂದರು.

"ಇವಳನ್ನ ದಾಟಿಸ್ದೆ ಏಳಲ್ಲ. ನೀವು ಬೇಕಾದ್ರೆ ತಿನ್ನಿ."

ಅವತ್ತು ನಾವೆಲ್ಲ ಅನ್ನ ಆರಿದ ಮೇಲೆ ಉಂಡೆವು. ಬೇಸಿಗೆ ಕಳೆಯಿತು, ಚಿಕ್ಕಪ್ಪ ಪಾಸೂ ಆದರು. ಸರ್ಟಿಫಿಕೇಟ್ ಸಮಾರಂಭದ ಟೋಪಿಗೆ ಗದ್ದಕ್ಕೆ ಕಟ್ಟುವ ಪಟ್ಟಿಯೇ ಇಲ್ಲವೆಂದು ಗೊಣಗಿದ್ದು ಬೇರೆ ಮಾತು.

ಆ ದೀಪಾವಳಿಗೆ ಕೇಟಿಗೆ ಹೋದಾಗ ಚಿಕ್ಕಮ್ಮ "ಕೂತಿರು, ಕಾಫಿ ತರ್ತೀನಿ" ಎಂದು ಒಳಗೆ ಹೋದರು. ಅಡುಗೆಮನೆಯ ಬಾಗಿಲಲ್ಲಿ ಕಾಣಿಸಿದರು. ಬಲಗೈಯಲ್ಲಿ ಲೋಟ. ಕೈ ನಡುಗುತ್ತಿದೆ, ಬಿಸಿ ಕಾಫಿ ತುಳುಕುತ್ತಿದೆ. ನನಗೆ ತಡೆಯಲಾಗಲಿಲ್ಲ, ಏಳಲು ಹೋದೆ.

"ಕೂತ್ಕೋ" ಎಂದು ಪಿಸುಗುಟ್ಟಿದರು ಚಿಕ್ಕಪ್ಪ.

ತಿರುಗಿ ನೋಡಿದೆ. ಜೀವಮಾನವಿಡೀ ಕಂಡಕಂಡವರನ್ನೆಲ್ಲ ಹಿಡಿದು ನಿಲ್ಲಿಸಿದ ಮನುಷ್ಯ, ತನ್ನ ಎರಡೂ ಕೈಗಳನ್ನು ತೊಡೆಯಡಿಯಲ್ಲಿ ಒತ್ತಿಟ್ಟುಕೊಂಡು, ಕಣ್ಣು ತುಂಬಿಕೊಂಡು, ಅಲುಗದೆ ಕೂತಿದ್ದರು.