ಹಾಲೇಶನ ಕಾಮಾಲೆ

ಹಾಲೇಶನ ಕಾಗದಗಳಲ್ಲಿ ಎಲ್ಲವೂ ಸರಿಯಿತ್ತು, ಬಿ.ಎ. ಮೊದಲ ವರ್ಷದ ಅಂಕಪಟ್ಟಿಯೊಂದನ್ನು ಬಿಟ್ಟು. ಆರು ವಿಷಯಗಳಲ್ಲಿ ನಾಲ್ಕು ಫೇಲು. ಆ ವರ್ಷ ಅವನು ಕಾಲೇಜಿನ ಮೈದಾನ ನೋಡಿದಷ್ಟು ಕೊಠಡಿ ನೋಡಿರಲಿಲ್ಲ. ಆಮೇಲೆ ಬಿದ್ದು ಎದ್ದು ಎಲ್ಲವನ್ನೂ ಪಾಸು ಮಾಡಿ, ಈಗ ವಕೀಲನಾಗುತ್ತೇನೆಂದು ಹೊರಟಿದ್ದ. ಕೊಪ್ಪಳದ ಕಾನೂನು ಕಾಲೇಜೊಂದರಲ್ಲಿ ಉಳಿದದ್ದು ಒಂದೇ ಸೀಟು, ಇವತ್ತೇ ಕಡೆಯ ದಿನ. ಸಿಗದಿದ್ದರೆ ನಾಳೆಯಿಂದ ಕುಷ್ಟಗಿಯಲ್ಲಿ ಅಪ್ಪನ ಗೊಬ್ಬರದ ಅಂಗಡಿ. ಆ ವಾಸನೆ ನೆನೆದರೇ ಅವನಿಗೆ ಊಟ ಸೇರುತ್ತಿರಲಿಲ್ಲ.

ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಕಾಗದ ಹರವಿದ್ದೇ ತಪ್ಪಾಯಿತು. ನಮ್ಮ ಓಣಿಗಳಲ್ಲಿ ಕಾಗದ ಹಿಡಿದು ಹೊರಗೆ ಕೂತವನಿಗೆ ಬುದ್ಧಿ ಹೇಳದೆ ಯಾರೂ ಮುಂದೆ ಹೋಗುವುದಿಲ್ಲ. ಬಾಜೂ ಮನೆಯ ಕಳಕಪ್ಪ ಬಂದ. ಮೂವತ್ತು ವರ್ಷದಿಂದ ತಹಶೀಲ್ ಕಚೇರಿಯ ಮುಂದಿನ ಬೇವಿನ ಗಿಡದ ಕೆಳಗೆ ಅರ್ಜಿ, ಅಫಿಡವಿಟ್ ಬರೆಯುವವನು. ಊರಿನ ಅರ್ಧ ಸುಳ್ಳು ಸ್ಟಾಂಪ್ ಪೇಪರ್ ಏರಿದ್ದು ಅವನ ಕೈಯಿಂದಲೇ. ವಕೀಲರ ಕರಿ ಕೋಟು ಕಂಡರೆ ಮಾತ್ರ ಅವನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು.

“ನಾಕು ಫೇಲ್ ಅಂದ್ರ ಒಳಗ ಬಿಡ್ತಾರೇನಲೇ? ಕಾರಣ ಬೇಕು,” ಎಂದ.

“ಕಾರಣ ಏನೂ ಇಲ್ಲ ಕಾಕಾ. ಕಬಡ್ಡಿ ಆಡ್ಕೋತ ಓದಲಿಲ್ಲ.”

“ಹಂಗಂತ ಬರಿಯಾಕ ಬರ್ತೈತೇನು? ಕಾಮಾಲಿ ಆಗಿತ್ತು ಅನ್ನೋಣು.”

ಹಾಲೇಶ ತಲೆ ಕೆರೆದುಕೊಳ್ಳುವಷ್ಟರಲ್ಲಿ ಅಫಿಡವಿಟ್ ತಯಾರು. ‘ಸದರಿ ವರ್ಷಪೂರ್ತಿ ನಾನು ಕಾಮಾಲೆಯಿಂದ ಹಾಸಿಗೆ ಹಿಡಿದಿದ್ದು, ಪರರ ನೆರವಿಲ್ಲದೆ ಮಗ್ಗುಲು ಬದಲಿಸಲೂ ಅಶಕ್ತನಾಗಿದ್ದೆನೆಂದು ಪ್ರಮಾಣೀಕರಿಸುತ್ತೇನೆ.’ ಬುದ್ಧಿವಂತ ಹಾಲೇಶ ಸಹಿ ಹಾಕಿದ. ನೋಟರಿ ಓದದೆ ಮುದ್ರೆ ಒತ್ತಿದ. ಓದಿ ಒತ್ತುವವನ ಹತ್ತಿರ ಕಳಕಪ್ಪ ಹೋಗುವವನೂ ಅಲ್ಲ.

ಎದುರುಮನೆಯ ಶಾಂತಕ್ಕ ಫೈಲನ್ನು ಕೈಯಲ್ಲಿ ತೂಗಿ ನೋಡಿದಳು. “ಇಷ್ಟ ತೆಳ್ಳಗಿದ್ರ ಯಾರು ಕಿಮ್ಮತ್ತು ಕೊಡ್ತಾರಪಾ? ಮನ್ಯಾಗಿನ ಸರ್ಟಿಫಿಕೇಟ್ ಎಲ್ಲಾ ಹಚ್ಚು.”

ಟ್ರಂಕು ಬರಿದಾಯಿತು. ಐದನೆಯ ತರಗತಿಯ ಚಿತ್ರಕಲೆ, ಕೋವಿಡ್ ಲಸಿಕೆ, ಆಟೋಟ, ಎಲ್ಲವೂ ಬಂದವು. ಕಳಕಪ್ಪನೇ ಕೂತು, ಒಂದೊಂದನ್ನೂ ಓದಿ, ಸಾಲಾಗಿ ಜೋಡಿಸಿ ದಾರ ಕಟ್ಟಿದ. “ಕಾನೂನಿನ ಮಂದಿ ಜೋಡಿ ಮಾತಾಡಾಕ ನಾನೂ ಬರ್ತೀನಿ,” ಎಂದು ಚೀಲ ಹೆಗಲಿಗೇರಿಸಿ ಹಾಲೇಶನ ಬೈಕಿನ ಹಿಂದೆ ಹತ್ತಿದ.

ಪ್ರಿನ್ಸಿಪಾಲರಾದ ಸುಕನ್ಯಾ ಮೇಡಂ ಮೊದಲ ವರ್ಷದ ಪಟ್ಟಿಯತ್ತ ತಿರುಗಿಯೂ ನೋಡಲಿಲ್ಲ. “ಒಟ್ಟು ನಲವತ್ತೈದು ಪರ್ಸೆಂಟ್ ಇದ್ರ ಸಾಕು. ನಿಮಗ ನಲವತ್ತೇಳು ಐತಿ. ಸೀಟ್ ಆತು,” ಎಂದು ಪೆನ್ನು ತೆಗೆದರು.

ಹಾಲೇಶನ ಜೀವಕ್ಕೆ ಜೀವ ಬಂತು. ಮೇಡಂ ಹಾಳೆ ತಿರುವಿದರು.

“ಈ ಅಫಿಡವಿಟ್ ಯಾರು ಕೇಳಿದ್ರು?”

ಮತ್ತೊಂದು ಹಾಳೆ ತಿರುವಿದರು. ಅದರ ಬೆನ್ನಿಗೇ, ಅದೇ ವರ್ಷದ ಅಂತರ ಕಾಲೇಜು ಕಬಡ್ಡಿ, ಉತ್ತಮ ರೇಡರ್ ಪ್ರಶಸ್ತಿ.

“ಮಗ್ಗಲಾ ಬದಲಿಸಾಕ ಆಗದವ್ರು ರೇಡ್ ಹೆಂಗ ಮಾಡಿದ್ರಿ?”

“ಕಬಡ್ಡಿ ಖರೇ ಐತ್ರಿ ಮೇಡಂ. ಕಾಮಾಲಿ ಸುಳ್ಳು.”

“ಅಂದ್ರ ಕಾನೂನು ಕಲಿಯೂದಕ್ಕಿಂತ ಮೊದಲ ಸುಳ್ಳು ಪ್ರಮಾಣ. ಪೊಲೀಸರಿಗೆ ಕೊಡೂದಿಲ್ಲ, ಅಷ್ಟ ಉಪಕಾರ. ಹೋಗ್ರಿ.”

“ಅಫಿಡವಿಟ್ ಬರದವ್ರು ಇವ್ರರೀ,” ಎಂದು ಹಾಲೇಶ ಕಳಕಪ್ಪನನ್ನು ತೋರಿಸಿದ.

“ಸಹಿ ಅವಂದ್ರಿ. ಹೇಳಿದ್ದನ್ನ ಬರಿಯೂದಷ್ಟ ನನ್ನ ಕೆಲಸ,” ಎಂದ ಕಳಕಪ್ಪ, ಕಣ್ಣು ಮಿಟುಕಿಸದೆ.

ಮೇಡಂ ಅಫಿಡವಿಟ್ಟನ್ನು ಇನ್ನೊಮ್ಮೆ, ಚಹಾ ಗುಟುಕರಿಸುವಂತೆ ನಿಧಾನವಾಗಿ ಓದಿದರು. “ನಮ್ಮ ಕಡೀ ವರ್ಷದವ್ರಿಗೂ ಹಿಂಗ ಬರಿಯಾಕ ಬರೂದಿಲ್ಲ. ನಿಮ್ಮದು ಡಿಗ್ರಿ ಆಗೈತೇನ್ರಿ?”

“ಬಿ.ಎ. ಆಗೈತ್ರಿ. ನಲವತ್ತಾರು ಪರ್ಸೆಂಟ್.”

“ಸೀಟು ಖಾಲಿ ಬಿಡಾಕ ಬರೂದಿಲ್ಲ. ಇವತ್ತ ಕಾಗದ ತರ್ತೀರೇನು?”

ತರುವುದೇನು ಬಂತು? ಕಳಕಪ್ಪ ಚೀಲದಿಂದ ಅಂಕಪಟ್ಟಿ, ಫೋಟೊ, ತುಂಬಿದ ಅರ್ಜಿ ತೆಗೆದು ಮೇಜಿನ ಮೇಲಿಟ್ಟ. ಹಾಲೇಶ ಬಗ್ಗಿ ನೋಡಿದ. ಅರ್ಜಿಯ ಕೆಳಗೆ ನಿನ್ನೆಯ ತಾರೀಖಿತ್ತು.

ತಿರುಗಿ ಬರುವಾಗ ಹಾಲೇಶ ಸಿಟ್ಟನ್ನೆಲ್ಲ ಬೈಕಿನ ಹಾರ್ನಿನ ಮೇಲೆ ತೀರಿಸಿಕೊಂಡ. ಕುಷ್ಟಗಿ ಬಂದಾಗ ಹಿಂದೆ ಕೂತ ಕಳಕಪ್ಪ ಅವನ ಭುಜ ತಟ್ಟಿದ.

“ನಾಳಿಂದ ಮುಂಜಾನೆ ನನ್ನ ಬಸ್‌ಸ್ಟ್ಯಾಂಡಿಗೆ ಬಿಟ್ಟ ಹೋಗಪಾ. ಹೆಂಗೂ ನಿಮ್ಮ ಗೊಬ್ಬರದ ಅಂಗಡಿ ಅಲ್ಲೇ ಐತಿ.”