ಹಳೇಕೋಟೆಯ ಡಚ್ಚು

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಆ ಪೈಕಿ ನಾನು. ವರ್ಷಕ್ಕೊಂದು ಇರುವೆ ಹೇಗೋ ಸಿಕ್ಕೇ ಸಿಗುತ್ತದೆ. ಈ ವರ್ಷದ್ದು ಹಾಲೆಂಡಿನಿಂದ ಬಂತು.

ನಾನು ಹಳೇಕೋಟೆಯಲ್ಲಿ ಆಲೂಗಡ್ಡೆ ಬೆಳೆಯುವವನು. ನಿಜ ಹೇಳಬೇಕೆಂದರೆ ಬೆಳೆಯುವವಳು ನನ್ನ ಹೆಂಡತಿ, ಬೆಳೆಯ ಬಗ್ಗೆ ಮಾತಾಡುವವನು ನಾನು. ಬಿತ್ತನೆ ಗಡ್ಡೆ ಮಾರುವವರು ಒಂದು ಸುದ್ದಿ ತಂದರು. ಹಾಲೆಂಡಿನ ಅಜ್ಜಿಯೊಬ್ಬಳು ನಮ್ಮ ಕಡೆಯ ಯಾವುದಾದರೂ ಬೆಳೆಗಾರರ ಮನೆಯಿಂದ ಒಬ್ಬರನ್ನು ಕರೆಸಿಕೊಂಡು, ಒಂದು ತಿಂಗಳು ತನ್ನ ಹೊಲದಲ್ಲಿ ಕೆಲಸ ಕಲಿಸುತ್ತಾಳಂತೆ. ಅಜ್ಜಿಗೆ ಇಂಗ್ಲಿಷ್ ಆಗದು, ಹೋಗುವವರಿಗೆ ದಿನಬಳಕೆಯ ಡಚ್ ಬರಬೇಕು. ವಿಮಾನ ಹತ್ತುವುದು ನನ್ನ ಚಿಕ್ಕಂದಿನ ಆಸೆ. ಹೆಸರು ಕೊಟ್ಟೇಬಿಟ್ಟೆ.

ಟವಲ್ ಹಾಕಿದ ಸೀಟು

ಹಾಸನದಲ್ಲಿ ಡಚ್ ಹೇಳಿಕೊಡುವ ಮೇಡಂ ಒಬ್ಬರು ಸಿಕ್ಕಿದರು. ಮೊದಲ ದಿನವೇ ಅಂದರು: "ಕನ್ನಡದಲ್ಲಿ ಕ್ರಿಯಾಪದ ಕೊನೇಲಿ ಕೂರುತ್ತೆ. ಡಚ್ಚಲ್ಲಿ ಅದು ಎರಡನೇ ಸೀಟಿಗೆ ಟವಲ್ ಹಾಕಿಬಿಟ್ಟಿರುತ್ತೆ. ಮೊದಲನೇ ಸೀಟಲ್ಲಿ ಯಾರಾದರೂ ಕೂರಲಿ, ಎರಡನೇದು ಅದರದ್ದೇ. ‘ಇವತ್ತು ಕುಡಿಯುತ್ತೇನೆ ನಾನು ಕಾಫಿ.’"

ಸಂಜೆ ಬಸ್ಸಿನಲ್ಲಿ ಇದನ್ನೇ ಅಭ್ಯಾಸ ಮಾಡುತ್ತಾ ಬಂದೆ. ಮುಂದಿನ ಸೀಟಿನ ಹೆಂಗಸು ‘ಇವತ್ತು’, ಅವರ ಹಿಂದೆ ಕೂತ ಚನ್ನರಾಯಪಟ್ಟಣದ ಯಜಮಾನರು ‘ಕುಡಿಯುತ್ತೇನೆ’. ಅಷ್ಟರಲ್ಲಿ ಯಜಮಾನರು ಕಿಟಕಿ ಬೇಕೆಂದು ಎದ್ದರು. ನಾನು ಹೌಹಾರಿ ಅವರ ಹೆಗಲು ಹಿಡಿದು ಕೂರಿಸಿದೆ. "ನೀವು ಏಳಂಗಿಲ್ಲ ಸಾ, ನೀವು ಕ್ರಿಯಾಪದ!"

ಕಂಡಕ್ಟರು ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿದರು. "ಯಾವ ಪದ ಆದ್ರೂ ಟಿಕೆಟ್ ತಗಳ್ಬೇಕು ಕಣಣ್ಣ."

ಅರಕಲಗೂಡಿನ ಚಿಕಿತ್ಸೆ

ಹೊಲದಲ್ಲೂ ಬಿಡಲಿಲ್ಲ. ಬದುವಿನ ಮೇಲೆ ನಿಂತು, "ಇವತ್ತು ತಿನ್ನುತ್ತದೆ ನಮ್ಮ ಹಸು ರೊಟ್ಟಿ" ಎಂದು ಡಚ್ಚಿನಲ್ಲಿ ನಲವತ್ತು ಸಲ ಕೂಗಿದೆ. ಹಸು ಮೇಯುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿತ್ತು. ನಮ್ಮ ಅತ್ತೆಯೂ ನೋಡಿದರು. ಮಾರನೇ ದಿನವೇ ನನ್ನನ್ನು ಅರಕಲಗೂಡಿನಲ್ಲಿ ಮಂತ್ರ ಹಾಕುವ ಒಬ್ಬರ ಮುಂದೆ ಕೂರಿಸಿದರು.

ಅವರು ಬೇವಿನ ಸೊಪ್ಪು ಬೀಸಿ ಗದರಿದರು. "ಯಾರ್ಲಾ ನೀನು? ಏನ್ ಬೇಕ್ಲಾ ನಿಂಗೆ?"

ಇಷ್ಟು ಒಳ್ಳೆಯ ಅಭ್ಯಾಸ ಮತ್ತೆಲ್ಲಿ ಸಿಕ್ಕೀತು? ಡಚ್ಚಿನಲ್ಲೇ ಉತ್ತರಿಸಿದೆ. ಅವರು ಕಕ್ಕಾಬಿಕ್ಕಿಯಾದಾಗ ನಾನೇ ಕನ್ನಡ ಮಾಡಿ ಹೇಳಿದೆ: "ದಯವಿಟ್ಟು ಒಂದು ಕಾಫಿ ಕೊಡಿ, ತಮಗೆ ಬಹಳ ವಂದನೆಗಳು."

ಅವರು ಸೊಪ್ಪು ಕೆಳಗಿಟ್ಟು, ನನ್ನ ತೋಳಿಗೆ ತಾಯತ ಕಟ್ಟಿ, ಅತ್ತೆಗೆ ಹೇಳಿದರು: "ಬಾಳ ಮರ್ಯಾದಸ್ಥ ದೆವ್ವ ಕಣಮ್ಮ. ಓಡಿಸ್ಬ್ಯಾಡಿ. ಬಿಟ್ಟೋಗ್ದೆ ಇರ್ಲಿ ಅಂತ್ಲೇ ಕಟ್ಟಿವ್ನಿ."

ಅಜ್ಜಿ ಕೊಟ್ಟ ಕಾಫಿ

ಕೊನೆಗೆ ಪರೀಕ್ಷೆಯ ದಿನ ಬಂತು. ಮೇಡಂ ಮನೆಯ ಕಂಪ್ಯೂಟರಿನಲ್ಲಿ ಹಾಲೆಂಡಿನ ಅಜ್ಜಿಯೇ ಕಾಣಿಸಿಕೊಂಡಳು. ಪಕ್ಕದಲ್ಲಿ ಹೆಂಡತಿ ಕೂತಿದ್ದಳು.

"ನೀವು ನಮ್ಮ ಮನೆಗೆ ಬಂದಿದ್ದೀರಿ ಅಂದುಕೊಳ್ಳಿ. ಕಾಫಿ ಬೇಕಾ?" ಎಂದಳು ಅಜ್ಜಿ.

ಕಾಫಿಯ ಮೇಲೆ ನನಗೆ ಹನ್ನೆರಡು ವಾಕ್ಯ ಬಾಯಿಪಾಠವಾಗಿತ್ತು. ಆದರೆ ಹೋದ ಮನೆಯಲ್ಲಿ ಕೇಳಿದ ತಕ್ಷಣ ಹೂಂ ಅನ್ನುವುದುಂಟೆ? "ನೇ" ಅಂದೆ. ಅಂದರೆ ಬೇಡ. ಇನ್ನೊಂದು ಸಲ ಕೇಳಲಿ ಎಂದು ಕಾದೆ. ಅಜ್ಜಿ ಕೇಳಲಿಲ್ಲ, ತನ್ನ ಕಾಫಿ ತಾನು ಕುಡಿದಳು. ನನ್ನ ಹನ್ನೆರಡು ವಾಕ್ಯ ಗಂಟಲಲ್ಲೇ ಉಳಿದವು.

ಹೆಂಡತಿಗೆ ತಡೆಯಲಾಗಲಿಲ್ಲ. "ಇನ್ನೆಲ್ಡ್ ಸಲ ಕೇಳವ್ವ! ನಮ್ ಕಡೆ ಮೂರ್ನೇ ಸಲಕ್ಕೇ ಊಂ ಅನ್ನೋದು!"

ಮೇಡಂ ಅದನ್ನು ಡಚ್ಚಿಗೆ ತಿರುಗಿಸಿದರು. ಅಜ್ಜಿ ಬಿದ್ದೂ ಬಿದ್ದೂ ನಕ್ಕಳು. "ಕಾಫಿ ಹಾಳಾಗಲಿ. ನಮ್ಮ ಹೊಲಕ್ಕೆ ಬರುತ್ತೀರಾ?"

ನನ್ನ ಬಾಯಿಗೆ ಬೆಂಕಿ ಬೀಳ. "ನೇ, ನಿಮಗ್ಯಾಕೆ ತೊಂದರೆ" ಅಂದುಬಿಟ್ಟಿತು.

ಅಜ್ಜಿ ಎರಡು ಬೆರಳೆತ್ತಿ ಮತ್ತೆ ಕೇಳಿದಳು. ಮತ್ತೆ "ನೇ" ಅಂದೆ. ಮೂರನೇ ಬೆರಳೆತ್ತಿದಳು. ಹಾಳು ಸಂಕೋಚ, ಮುಗುಳ್ನಗುತ್ತಾ ನೆಲ ನೋಡುತ್ತಿದ್ದೆ. ಅಷ್ಟರಲ್ಲಿ ಹೆಂಡತಿ ಕ್ಯಾಮೆರಾಕ್ಕೆ ಮುಖ ತೂರಿಸಿ "ಯಾ!" ಎಂದಳು. ಮೂರು ತಿಂಗಳು ನನ್ನ ಕೂಗಾಟ ಕೇಳಿ ಕಲಿತ ಒಂದೇ ಡಚ್ ಪದ, ಅಂದರೆ ಹೂಂ.

"ಸರಿ, ಹೂಂ ಅಂದವರೇ ಬರಲಿ" ಎಂದಳು ಅಜ್ಜಿ. ಗಡ್ಡೆ ಬೆಳೆಯುವವಳೂ ನನ್ನ ಹೆಂಡತಿಯೇ ಆದ್ದರಿಂದ ನಾನು ತಕರಾರು ಮಾಡುವಂತಿರಲಿಲ್ಲ. ಹೊಟ್ಟೆ ಮಾತ್ರ ಚೆನ್ನಾಗಿಯೇ ಉರಿಯಿತು.

ಹೊರಡುವ ದಿನ ಅವಳು ಪೆಟ್ಟಿಗೆ ಮುಚ್ಚಿ, ನನ್ನ ಹತ್ತಿರ ಬಂದು ತೋಳಿನ ತಾಯತ ಬಿಚ್ಚತೊಡಗಿದಳು. ಅಗಲುವ ದುಃಖವಿರಬೇಕೆಂದು ನನ್ನ ಕಣ್ಣು ತುಂಬಿತು.

"ಅಳ್ಬ್ಯಾಡ್ರೀ," ಎಂದು ಅವಳು ಅದನ್ನು ತನ್ನ ತೋಳಿಗೆ ಕಟ್ಟಿಕೊಂಡಳು. "ನಂಗೆಲ್ಲಿ ಡಚ್ ಬತ್ತದೆ? ದೆವ್ವ ನಂಜೊತೆ ಬರ್ಲಿ."