ಬುನ್ಮಾನ ಕತ್ತಿಗೆ ಯಾರ ಮೂಳೆ?

ಮೂರು ಚೌಕಗಳಿದ್ದ ಒಂದು ಕಾಗದ ಬುನ್ಮಾನ ನೆಮ್ಮದಿಗೆ ಕಲ್ಲು ಹಾಕಿತು.

ಇಪ್ಪತ್ತೆಂಟು ವರ್ಷ ತನ್ನ ಕ್ಷೌರದಂಗಡಿಯಲ್ಲಿ ಗಿರಾಕಿಗಳ ತಲೆಯ ಮೇಲೆ ಬಗ್ಗಿ ಬಗ್ಗಿ ಅವನ ಕತ್ತಿನ ಮೂಳೆಗಳ ನಡುವಿನ ಮೆತ್ತೆ ಸವೆದು, ನರ ಒತ್ತಿ, ಬಲಗೈ ಬೆರಳುಗಳು ಜೋಮು ಹಿಡಿದಿದ್ದವು. ಹೋದ ವಾರ ಕತ್ತಿ ಜಾರಿ ಪೋಸ್ಟ್‌ಮಾಸ್ಟರರ ಒಂದು ಹುಬ್ಬೇ ಹೋಯಿತು. ಅವರ ಊರಲ್ಲಿ ಹುಬ್ಬು ಬೋಳಿಸುವವರು ಬೌದ್ಧ ಭಿಕ್ಷುಗಳು ಮಾತ್ರ. ಪಾಪ, ಆ ಮನುಷ್ಯ ಅರ್ಧ ಸನ್ಯಾಸಿಯಾಗಿ ಮನೆಗೆ ಹೋದ.

"ನಾಳೆ ಆಪರೇಷನ್. ಸವೆದ ಮೆತ್ತೆ ತೆಗೆದು ಅಲ್ಲಿ ಮೂಳೆ ತುಂಡು ಇಟ್ಟು ಬೆಸೀತೀವಿ," ಎಂದರು ಡಾಕ್ಟರ್ ಕಿತ್ತಿ. "ನಿಮ್ಮ ಸೊಂಟದ ಮೂಳೆಯಿಂದಲೇ ತೆಗೀಬಹುದು, ಚೆನ್ನಾಗಿ ಕೂಡ್ಕೊಳ್ಳುತ್ತೆ, ಆದ್ರೆ ಸೊಂಟ ಕೆಲವು ದಿನ ನೋಯುತ್ತೆ. ಇಲ್ಲಾ ನಮ್ಮ ಮೂಳೆ ಬ್ಯಾಂಕಿಂದ ದಾನದ ಮೂಳೆ. ಅದೂ ಬೇಡಾಂದ್ರೆ ಪಿಂಗಾಣಿ ಥರದ್ದು, ಕಾರ್ಖಾನೇಲಿ ಮಾಡಿದ್ದು. ಮೂರೂ ನಡೆಯುತ್ತೆ. ನಾಲ್ಕು ಗಂಟೆಯೊಳಗೆ ಈ ಕಾಗದದಲ್ಲಿ ಒಂದು ಚೌಕಕ್ಕೆ ಗುರುತು ಹಾಕಿ ಕೊಡಿ."

ಬುನ್ಮಾ ಕಾಗದ ಮಡಿಸಿಕೊಂಡು ಅಂಗಡಿಗೆ ಹೊರಟ. ನೆಟ್ಟಗಿನ ದಾರಿಯಲ್ಲಲ್ಲ, ಮೀನು ಮಾರುಕಟ್ಟೆ ಸುತ್ತಿಕೊಂಡು. ಅವನ ಓಣಿಗೆ ಅಡ್ಡಲಾಗಿ ಹಗ್ಗ ಕಟ್ಟಿ ಎದುರುಮನೆಯ ಪ್ರಯೋಂಗ್ ದೊಡ್ಡಮ್ಮ ತಾನು ಸೊಂಟಕ್ಕೆ ಸುತ್ತುವ ಹೂವಿನ ಲುಂಗಿಗಳನ್ನು ಒಣಹಾಕುತ್ತಿದ್ದಳು. ಹೆಂಗಸಿನ ಸೊಂಟದ ಬಟ್ಟೆಯ ಕೆಳಗೆ ಗಂಡಸು ತಲೆ ತೂರಿಸಿದರೆ ಕೊರಳಿನ ಬುದ್ಧ ತಾಯಿತಗಳ ಶಕ್ತಿ ಇಳಿದುಹೋಗುತ್ತದೆ. ಬುನ್ಮಾನ ಕೊರಳಲ್ಲಿ ಮೂರು ತಾಯಿತಗಳಿದ್ದವು. ಹಗ್ಗ ತೆಗೆಯೆಂದು ಅವನು ಹನ್ನೊಂದು ವರ್ಷದಿಂದ ಜಗಳವಾಡುತ್ತಿದ್ದ. ಎರಡು ವರ್ಷದ ಹಿಂದೆ ಸೊಂಟಕ್ಕೆ ಉಕ್ಕಿನ ಕೀಲು ಹಾಕಿಸಿಕೊಂಡು ಬಂದವಳೇ ಆಕೆ ಇನ್ನೊಂದು ಹಗ್ಗ ಕಟ್ಟಿದ್ದಳು.

ಅಂಗಡಿಯಲ್ಲಿ ಟುಕ್‌ಟುಕ್ ಆಟೋ ಓಡಿಸುವ ಥಾವೊನ್ ಕನ್ನಡಿಯ ಮುಂದೆ ಕೂತು ಕಾಯುತ್ತಿದ್ದ. ಬುನ್ಮಾ ಕೂದಲಿಗೆ ಕತ್ತರಿ ಹಾಕುತ್ತಿದ್ದಂತೆ ಅವನ ಜೇಬಿನ ಕಾಗದ ಕಸಿದುಕೊಂಡು ಓದಿದ.

"ಸ್ವಂತದ್ದು ಇಟ್ಕೊಂಡು ಬೇರೆಯವರದ್ದು ಯಾಕಣ್ಣಾ? ಸೊಂಟದ್ದೇ ಹಾಕ್ಸು."

"ಸೊಂಟದ್ದನ್ನ ತಲೆ ಬುಡದಲ್ಲಿ ಇಡೋದಾ! ಕೂರೋ ಜಾಗದ್ದು ಕಣೋ. ಬುದ್ಧನ ತಾಯಿತ ಎಲ್ಲಿ ತೂಗಾಡ್ಬೇಕು?"

"ಹಾಗಾದ್ರೆ ಪಿಂಗಾಣಿ."

ಒಳಗೆ ಪಾತ್ರೆ ತೊಳೆಯುತ್ತಿದ್ದ ಹೆಂಡತಿ ಲಮೈ ಕೂಗಿದಳು: "ಈ ವರ್ಷ ಏಳು ಬಟ್ಟಲು ಒಡೆದಿದ್ದಾರೆ ಇವ್ರು! ಪಿಂಗಾಣಿ ಅಂತೆ!"

"ದಾನದ ಮೂಳೇನ ಮಾತ್ರ ಮುಟ್ಬೇಡ," ಥಾವೊನ್ ದನಿ ತಗ್ಗಿಸಿದ. "ಸತ್ತವನು ಸುಮ್ನಿರ್ತಾನಾ? ಮೂಳೆ ಹುಡುಕ್ಕೊಂಡು ಬರ್ತಾನೆ. ಅವ್ನೇನಾದ್ರೂ ಕುಡುಕ ಆಗಿದ್ರೆ ನಿನ್ನ ಕತ್ತು ತಾನೇ ತಾನಾಗಿ ಹೆಂಡದಂಗಡಿ ಕಡೆ ತಿರುಗುತ್ತೆ."

ಬುನ್ಮಾ ಕತ್ತರಿ ಕೆಳಗಿಟ್ಟ. ಥಾವೊನನ ತಲೆಯನ್ನು ಅರ್ಧಕ್ಕೇ ಬಿಟ್ಟು ದೇವಸ್ಥಾನಕ್ಕೆ ಓಡಿದ. ಓಣಿಯಾಚೆಯಿಂದ ಪ್ರಯೋಂಗ್ ದೊಡ್ಡಮ್ಮ ಕೋಸಂಬರಿಗೆ ಪಪಾಯಿಕಾಯಿ ಕುಟ್ಟುತ್ತಲೇ ಕೇಳಿದಳು, "ಎಲ್ಲಿಗೋ ಆ ಓಟ? ಮೂಳೆ ವಿಷಯಾನಾ? ದಾನದ್ದೇ ತಗೊ. ಗಟ್ಟಿ ಇರುತ್ತೆ."

"ನಿಮಗೆ ಹೇಗೆ ಗೊತ್ತು?"

"ನಂಗೊತ್ತು."

ಊರಿನ ವಿಷಯವೆಲ್ಲ ತನಗೇ ಗೊತ್ತು ಎನ್ನುವ ಹೆಂಗಸಿಗೆ ಏನು ಹೇಳುವುದು! ಬುನ್ಮಾ ನಿಲ್ಲಲಿಲ್ಲ.

ಮುದಿ ಭಿಕ್ಷು ಎಲ್ಲವನ್ನೂ ಕೇಳಿ ನಕ್ಕರು. "ಮೂಳೆ ದಾನ ಮಾಡಿದವರು ಪುಣ್ಯವಂತರಪ್ಪ. ಪುಣ್ಯವಂತರು ಭೂತ ಆಗಿ ಅಲೀತಾರಾ? ಅವರ ಹೆಸರಲ್ಲಿ ನೀರು ಬಿಡು, ಸಾಕು."

ಬುನ್ಮಾ ಹೆಸರು ತಿಳಿಯದ ಆ ಪುಣ್ಯಾತ್ಮನಿಗಾಗಿ ಕಣ್ಣು ಮುಚ್ಚಿ ನೀರು ಬಿಟ್ಟ. ಅಷ್ಟಕ್ಕೇ ಅವನ ಕಣ್ಣು ತೇವವಾಯಿತು. ಯಾರೋ ಒಳ್ಳೆಯವನು, ಬಹುಶಃ ಮೇಷ್ಟ್ರು, ಶಾಂತ ಸ್ವಭಾವದವನು ಎಂದುಕೊಂಡ. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಎರಡನೇ ಚೌಕಕ್ಕೆ ಗುರುತು ಹಾಕಿ ನರ್ಸಮ್ಮನ ಕೈಗೆ ಕೊಟ್ಟ.

"ತಂಗೀ, ಸ್ವಲ್ಪ ನೋಡಿ ಗಂಡಸಿನದ್ದೇ ಹಾಕ್ಸಮ್ಮ."

"ಮೂಳೆಗೆ ಮೀಸೆ ಇರಲ್ಲ, ಅಣ್ಣಾ," ಎಂದಳು ಆಕೆ.

ಆಪರೇಷನ್ ಸಲೀಸಾಗಿ ಆಯಿತು. ಎರಡನೇ ದಿನ ಬೆರಳುಗಳಿಗೆ ಜೀವ ಬಂತು. ಬುನ್ಮಾ ಹಾಸಿಗೆಯಲ್ಲಿ ಮಲಗಿ ಗಾಳಿಯಲ್ಲೇ ಕತ್ತರಿ ಆಡಿಸಿ ಆಡಿಸಿ ನೋಡಿ, ಮಗುವಿನ ಹಾಗೆ ಸಂತೋಷಪಟ್ಟ. ಡಾಕ್ಟರು ನೋಡಲು ಬಂದ ಹೊತ್ತಿಗೇ ಗಂಜಿ ಡಬ್ಬಿ ಹಿಡಿದು ಪ್ರಯೋಂಗ್ ದೊಡ್ಡಮ್ಮ ಒಳಗೆ ಬಂದಳು. ಗಂಜಿಯನ್ನು ಬದಿಗಿಟ್ಟು ಮೊದಲು ಅವನ ಕತ್ತು ಅಲುಗದಂತೆ ಹಾಕಿದ್ದ ಗಟ್ಟಿ ಪಟ್ಟಿಯನ್ನು ಅಕ್ಕರೆಯಿಂದ ಸವರಿದಳು.

"ಹೇಗಿದೆಯೋ ನನ್ನ ಮೂಳೆ?"

"ನಿಮ್ಮ ಮೂಳೆನಾ?"

"ಮತ್ತಿನ್ಯಾರದ್ದು? ಇದೇ ಆಸ್ಪತ್ರೇಲಿ ನಂಗೆ ಉಕ್ಕಿನ ಕೀಲು ಹಾಕಿದ್ರಲ್ಲ, ಆಗ ತೆಗೆದ ಸೊಂಟದ ಮೂಳೇನ ಬಿಸಾಕ್ಬೇಡಿ, ಯಾರಿಗಾದ್ರೂ ಆಗ್ಲಿ ಅಂತ ಬ್ಯಾಂಕಿಗೆ ಬರ್ಕೊಟ್ಟೆ."

ಬುನ್ಮಾ ಕಣ್ಣನ್ನಷ್ಟೇ ಡಾಕ್ಟರ ಕಡೆ ತಿರುಗಿಸಿದ. "ದಾನ ಅಂದ್ರೆ ಸತ್ತವರದ್ದಲ್ವಾ, ಡಾಕ್ಟ್ರೇ?"

"ಬದುಕಿರೋರೂ ಕೊಡ್ತಾರಲ್ಲ. ನಮ್ಮಲ್ಲಿ ಹೆಚ್ಚಿನವು ಕೀಲು ಬದಲಾಯಿಸಿದಾಗ ಸಿಕ್ಕಿದ್ದೇ."

"ನನಗೆ ಹಾಕಿದ್ದು ಯಾರದ್ದು?"

"ದಾನಿ ಹೆಸರು ಹೇಳೋ ಹಾಗಿಲ್ಲ."

"ಇವರದ್ದಲ್ಲ ಅಂತಾದ್ರೂ ಹೇಳಿಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ!"

"ಅದನ್ನೂ ಹೇಳೋ ಹಾಗಿಲ್ಲ. ಕತ್ತು ಬಗ್ಗಿಸಬೇಡಿ."

ಐದನೇ ದಿನ ಥಾವೊನನ ಟುಕ್‌ಟುಕ್ ಅವನನ್ನು ಓಣಿಯ ಬಾಯಲ್ಲಿ ಇಳಿಸಿತು. ಲಮೈ ತಾಯಿತಗಳನ್ನು ಕೈಯಲ್ಲಿ ಹಿಡಿದು "ಕತ್ತಿಗೆ ಹಾಕ್ಲಾ?" ಎಂದಳು. ಬುನ್ಮಾ ಕತ್ತಿನ ಪಟ್ಟಿ ಮುಟ್ಟಿಕೊಂಡು, "ನಿನ್ನ ಹತ್ರಾನೇ ಇರ್ಲಿ," ಎಂದ. ಆಮೇಲೆ ಅಭ್ಯಾಸಬಲದಿಂದ ಮೀನು ಮಾರುಕಟ್ಟೆಯ ಕಡೆ ತಿರುಗಿದ.

"ಯಾಕೋ ಆ ಸುತ್ತು?" ಮಹಡಿಯಿಂದ ಪ್ರಯೋಂಗ್ ದೊಡ್ಡಮ್ಮನ ಕೂಗು ಇಡೀ ಓಣಿಗೆ ಕೇಳಿತು. "ಲುಂಗಿ ಕೆಳಗೆ ಬರಲ್ಲ ಅಂತಿದ್ದೆ. ಈಗ ಸೊಂಟಾನೇ ಕತ್ತಲ್ಲಿಟ್ಕೊಂಡಿದೀಯಲ್ಲೋ! ಬಾ, ನೆಟ್ಟಗೆ ಬಾ."

ಅಕ್ಕಪಕ್ಕದ ಕಿಟಕಿಗಳೆಲ್ಲ ಒಂದೊಂದಾಗಿ ತೆರೆದುಕೊಂಡವು. ಪೋಸ್ಟ್‌ಮಾಸ್ಟರ್ ಒಂಟಿ ಹುಬ್ಬೇರಿಸಿ ನೋಡುತ್ತಿದ್ದ. ಬುನ್ಮಾ ಮೀನು ಮಾರುಕಟ್ಟೆಗೆ ಬೆನ್ನು ಹಾಕಿದ. ಹನ್ನೊಂದು ವರ್ಷದ ಮೇಲೆ ಮೊದಲ ಸಲ ನೆಟ್ಟಗಿನ ದಾರಿಯಲ್ಲಿ ಹೆಜ್ಜೆ ಇಟ್ಟ. ಹಗ್ಗದ ಹತ್ತಿರ ತಲೆ ತಗ್ಗಿಸಿ ನುಸುಳೋಣವೆಂದರೆ ಕತ್ತಿನ ಪಟ್ಟಿ ಬಿಡಲಿಲ್ಲ. ಹಳದಿ ಹೂವಿನ ಒದ್ದೆ ಲುಂಗಿಯೊಂದು ಅವನ ಹಣೆಯಿಂದ ನೆತ್ತಿಯವರೆಗೆ ನಿಧಾನವಾಗಿ ಒರೆಸಿಕೊಂಡು ಹೋಯಿತು.

"ಹುಷಾರು ಕಣೋ," ಎಂದಳು ದೊಡ್ಡಮ್ಮ ಮೇಲಿನಿಂದ, "ನನ್ನ ಮೂಳೆ ಉಳುಕೀತು!"